ಕರುವಿನ ಮುಖದ ಬೂದಿ ಮಚ್ಚೆ: ಮುಲಾಮಿನ ಜೊತೆ ಗೋದಲಿಯನ್ನೂ ನೋಡಿ

ಮಳೆಗಾಲ ಮುಗಿದು ಚಳಿ ಶುರುವಾಗೋ ಹೊತ್ತಿಗೆ ಒಂದೇ ಥರದ ಫೋಟೋಗಳು ವಾಟ್ಸ್‌ಆ್ಯಪ್‌ಗೆ ಬರೋಕೆ ಶುರುವಾಗುತ್ತವೆ. ಐದಾರು ತಿಂಗಳ ಎಚ್‌ಎಫ್ ಅಥವಾ ಜರ್ಸಿ ಮಿಶ್ರತಳಿ ಕರು. ಕಣ್ಣಿನ ಸುತ್ತ, ಕಿವಿಯ ಬುಡದಲ್ಲಿ, ಕತ್ತಿನ ಮೇಲೆ ನಾಣ್ಯದಗಲದ ಮಚ್ಚೆಗಳು. ಅಲ್ಲಿ ಕೂದಲಿಲ್ಲ, ಬೂದಿ ಮೆತ್ತಿದ ಹಾಗೆ ಬಿಳಿಚಿದ ದಪ್ಪ ಹಕ್ಕಳೆ. ಫೋಟೋದ ಕೆಳಗಿನ ಪ್ರಶ್ನೆಯೂ ಒಂದೇ: "ಸರ್, ಯಾವ ಮುಲಾಮು ಹಚ್ಚಲಿ?"

ಮುಲಾಮಿನ ಹೆಸರು ಹೇಳೋದು ಸುಲಭ, ಕೆಳಗೆ ಹೇಳ್ತೀನಿ ಕೂಡ. ಆದರೆ ಫೋಟೋ ಕಳಿಸಿದವರಿಗೆ ನಾನು ಮೊದಲು ತಿರುಗಿ ಕೇಳೋದು ಬೇರೆ: "ಕರುವಿನ ಗೋದಲಿಯ ಫೋಟೋ ತೆಗೆದು ಕಳಿಸಿ." ಹತ್ತರಲ್ಲಿ ಏಳೆಂಟು ಸಲ ಅದರಲ್ಲಿ ಇರೋದು ಒಣಗಿ ಹಳದಿಯಾದ ಭತ್ತದ ಹುಲ್ಲು, ಅಷ್ಟೇ. ಹಸಿ ಮೇವೆಲ್ಲ ಹಾಲು ಕೊಡೋ ಹಸುವಿಗೆ ಹೋಗಿರುತ್ತೆ. ಮುಖದ ಮಚ್ಚೆಗೂ ಗೋದಲಿಯ ಹುಲ್ಲಿಗೂ ಏನು ಸಂಬಂಧ ಅನ್ನೋದೇ ಈ ವಾರದ ವಿಷಯ.

ಇದು ಯಾವ ರೋಗ?

ನಮ್ಮ ಕಡೆ ಹುಳುಕಡ್ಡಿ ಅಂತಾರೆ, ಕೆಲವು ಕಡೆ ಗಜಕರ್ಣ. ಹೆಸರಲ್ಲಿ ಹುಳು ಇದ್ದರೂ ಇದು ಹುಳು ಅಲ್ಲ, ಶಿಲೀಂಧ್ರ. ದನಗಳಲ್ಲಿ ಹೆಚ್ಚಾಗಿ ಕಾಣೋದು ಟ್ರೈಕೊಫೈಟಾನ್ ವೆರುಕೋಸಮ್ ಅನ್ನೋ ಜಾತಿ. ಇದರ ಆಹಾರ ಕೆರಾಟಿನ್. ಕೂದಲು, ಕೊಂಬು, ಗೊರಸು, ಚರ್ಮದ ಮೇಲ್ಪದರ ಎಲ್ಲ ಆಗಿರೋದು ಅದೇ ಕೆರಾಟಿನ್‌ನಿಂದ. ಶಿಲೀಂಧ್ರ ಕೂದಲಿನೊಳಗೆ ಹೊಕ್ಕು ಅದನ್ನ ಟೊಳ್ಳು ಮಾಡುತ್ತೆ, ಕೂದಲು ಬುಡದ ಹತ್ತಿರ ಮುರಿದು ಬೀಳುತ್ತೆ. ಬೋಳು ಮಚ್ಚೆ ಆಗೋದು ಹೀಗೆ. ಸೋಂಕು ತಗುಲಿದ ಮೇಲೆ ಮಚ್ಚೆ ಕಣ್ಣಿಗೆ ಬೀಳೋಕೆ ಒಂದರಿಂದ ನಾಲ್ಕು ವಾರ ಬೇಕು. ಅಂದರೆ ಇವತ್ತು ಒಂದು ಕರುವಿನಲ್ಲಿ ಕಂಡಿದೆ ಅಂದರೆ ಪಕ್ಕದ ಕರುವಿಗೆ ಆಗಲೇ ಅಂಟಿರಬಹುದು.

ಒಂದು ವರ್ಷದೊಳಗಿನ ಕರುಗಳಿಗೇ ಇದು ಜಾಸ್ತಿ. ಒಮ್ಮೆ ಬಂದು ವಾಸಿಯಾದ ಪ್ರಾಣಿಗೆ ಸಾಮಾನ್ಯವಾಗಿ ಒಳ್ಳೆಯ ನಿರೋಧಕ ಶಕ್ತಿ ಉಳಿಯುತ್ತೆ, ಅದಕ್ಕೇ ದೊಡ್ಡ ಹಸುಗಳಲ್ಲಿ ಕಮ್ಮಿ. ಕತ್ತಲೆ ಕೊಟ್ಟಿಗೆ, ತೇವ, ಒತ್ತೊತ್ತಾಗಿ ಕಟ್ಟೋದು ಇವೆಲ್ಲ ಅದಕ್ಕೆ ಅನುಕೂಲ. ಯುರೋಪಿನ ತಂಪು ದೇಶಗಳಲ್ಲಿ ಚಳಿಗಾಲವಿಡೀ ದನಗಳು ಕೊಟ್ಟಿಗೆಯೊಳಗೇ ಇದ್ದು ಹುಳುಕಡ್ಡಿ ಹಿಡಿದುಕೊಳ್ಳುತ್ತವೆ, ವಸಂತದಲ್ಲಿ ಹುಲ್ಲುಗಾವಲಿಗೆ ಬಿಟ್ಟ ಮೇಲೆ ತಾವಾಗೇ ಸರಿಹೋಗುತ್ತವೆ. ಬಿಸಿಲು ಒಂದು ಕಾರಣ, ಹಸಿ ಹುಲ್ಲು ಇನ್ನೊಂದು. ಈ ಎರಡನೆಯದನ್ನ ನಾವು ಮರೆತುಬಿಡ್ತೀವಿ.

ಚರ್ಮದೊಳಗಿನ ಜಗಳ

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ ಅಂತ ನೊರೆ ಬರೋದನ್ನ ನೀವೆಲ್ಲ ನೋಡಿರ್ತೀರಿ. ಆ ಬಾಟಲಿ ಮೆಡಿಕಲ್ ಶಾಪಿನಲ್ಲಿ ಸಿಗೋದು ನಿಜ, ಆದರೆ ಅದೇ ವಸ್ತುವನ್ನ ನಿಮ್ಮ ಕರುವಿನ ಮೈಯೇ ತಯಾರು ಮಾಡುತ್ತೆ. ಶಿಲೀಂಧ್ರ ಚರ್ಮಕ್ಕೆ ಬಿದ್ದ ಕೂಡಲೇ ಬಿಳಿ ರಕ್ತಕಣಗಳು ಅಲ್ಲಿಗೆ ಓಡಿಬರುತ್ತವೆ. ಅವುಗಳ ಆಯುಧ ಆಮ್ಲಜನಕದಿಂದ ಮಾಡಿದ ಉಗ್ರ ಕಣಗಳು: ಮೊದಲು ಸೂಪರಾಕ್ಸೈಡ್, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಆಮೇಲೆ ಇನ್ನೂ ಉಗ್ರವಾದವು. ಇವುಗಳಲ್ಲಿ ಹಲವನ್ನ ಫ್ರೀ ರ‍್ಯಾಡಿಕಲ್ ಅಂತಾರೆ. ಸೋಂಕನ್ನ ಸುಡೋಕೆ ಇವು ಬೇಕೇ ಬೇಕು.

ತೊಂದರೆ ಏನಂದ್ರೆ ಈ ಕಣಗಳಿಗೆ ವೈರಿ ಯಾರು, ನಮ್ಮವರು ಯಾರು ಅನ್ನೋ ವ್ಯತ್ಯಾಸ ಗೊತ್ತಿಲ್ಲ. ಬದುವಿನ ಕಸಕ್ಕೆ ಹಾಕಿದ ಬೆಂಕಿ ಗಾಳಿ ಬಂದರೆ ಪಕ್ಕದ ಬಣವೆಗೂ ತಗುಲುತ್ತಲ್ಲ, ಹಾಗೆ. ಇವು ಮೊದಲು ಕಚ್ಚೋದು ಜೀವಕೋಶದ ಪೊರೆಯನ್ನ. ಆ ಪೊರೆಯಲ್ಲಿ ಕೊಬ್ಬಿನಂಶ ಇದೆ. ಹುಚ್ಚೆಳ್ಳೆಣ್ಣೆಯನ್ನ ಮುಚ್ಚಳ ತೆಗೆದಿಟ್ಟರೆ ಸ್ವಲ್ಪ ದಿನಕ್ಕೇ ಕಮಟು ವಾಸನೆ ಹೊಡೆಯುತ್ತೆ ಅಲ್ವಾ? ಕೋಶದ ಪೊರೆಗೆ ಆಗೋದೂ ಅದೇ ರಾಸಾಯನಿಕ ಕ್ರಿಯೆ. ಹೀಗೆ ಕಮಟಾದಾಗ ಹುಟ್ಟೋ ಒಂದು ವಸ್ತುವಿನ ಹೆಸರು ಮ್ಯಾಲನ್‌ಡೈಆಲ್ಡಿಹೈಡ್. ಆಹಾರ ಪರೀಕ್ಷೆ ಮಾಡೋರು ಎಣ್ಣೆ, ಮಾಂಸ ಎಷ್ಟು ಕೆಟ್ಟಿದೆ ಅಂತ ನೋಡೋಕೆ ಇದನ್ನ ಅಳೀತಾರೆ. ಪಶುವೈದ್ಯ ವಿಜ್ಞಾನಿಗಳು ಅದನ್ನೇ ದನದ ರಕ್ತದಲ್ಲಿ ಅಳೀತಾರೆ.

ಈ ಬೆಂಕಿ ಹದ್ದು ಮೀರದ ಹಾಗೆ ನೋಡಿಕೊಳ್ಳೋ ವ್ಯವಸ್ಥೆಯೂ ಮೈಯಲ್ಲೇ ಇದೆ. ಅದಕ್ಕೆ ಆಂಟಿಆಕ್ಸಿಡೆಂಟ್ ಅಂತ ಹೆಸರು. ಸೂಪರಾಕ್ಸೈಡನ್ನ ಹಿಡಿದು ಪೆರಾಕ್ಸೈಡ್ ಮಾಡೋ ಕಿಣ್ವ ಒಂದು, ಅದು ಕೆಲಸ ಮಾಡಬೇಕಾದರೆ ತಾಮ್ರ ಮತ್ತು ಸತು ಬೇಕು. ಪೆರಾಕ್ಸೈಡನ್ನ ಒಡೆದು ನೀರು, ಆಮ್ಲಜನಕ ಮಾಡೋದು ಕೆಟಲೇಸ್, ಅದಕ್ಕೆ ಕಬ್ಬಿಣ ಬೇಕು. ಗಾಯದ ಮೇಲೆ ನೊರೆ ಏಳೋದು ಇದೇ ಕೆಟಲೇಸ್‌ನಿಂದ, ಆ ಗುಳ್ಳೆಗಳೆಲ್ಲ ಆಮ್ಲಜನಕ. ಪೆರಾಕ್ಸೈಡನ್ನ ಪಳಗಿಸೋ ಇನ್ನೊಂದು ಕಿಣ್ವ ಗ್ಲುಟಥಯೋನ್ ಪೆರಾಕ್ಸಿಡೇಸ್, ಅದರ ನಡುವೆ ಕೂತಿರೋದು ಸೆಲೆನಿಯಂ. ಪೊರೆಯೊಳಗೇ ಕಾವಲಿಗೆ ನಿಂತಿರೋದು ವಿಟಮಿನ್ ಇ. ಹಸಿರು ಮೇವಿನ ಬೀಟಾ ಕ್ಯಾರೋಟಿನ್ ಕೂಡ ಇದೇ ಗುಂಪಿಗೆ ಸೇರುತ್ತೆ, ಜೊತೆಗೆ ಮೈಯೊಳಗೆ ವಿಟಮಿನ್ ಎ ಆಗಿ ಚರ್ಮವನ್ನ ಗಟ್ಟಿಯಾಗಿಡುತ್ತೆ.

ಬೆಂಕಿ ಜಾಸ್ತಿಯಾಗಿ ಕಾವಲು ಕಮ್ಮಿಯಾದ ಸ್ಥಿತಿಗೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು. ಕನ್ನಡದಲ್ಲಿ ಉತ್ಕರ್ಷಣ ಒತ್ತಡ ಅಂತ ಬರೀತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾವಲು ಕಮ್ಮಿಯಾದರೆ ಮೊದಲು ಸೋಲೋದು ಬಿಳಿ ರಕ್ತಕಣವೇ, ತಾನು ತಯಾರಿಸಿದ ಆಯುಧದಿಂದ ತಾನೇ ಗಾಯ ಮಾಡಿಕೊಳ್ಳುತ್ತೆ. ಸೆಲೆನಿಯಂ ಕೊರತೆಯಾದ ದನಗಳ ಬಿಳಿ ರಕ್ತಕಣಗಳು ಕ್ಯಾಂಡಿಡಾ ಅನ್ನೋ ಶಿಲೀಂಧ್ರವನ್ನ ಸರಿಯಾಗೇ ನುಂಗುತ್ತವೆ, ಆದರೆ ಕೊಲ್ಲೋದರಲ್ಲಿ ಹಿಂದೆ ಬೀಳುತ್ತವೆ ಅನ್ನೋದನ್ನ 1970ರ ದಶಕದ ಕೊನೆಯಲ್ಲೇ ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದರು. ಹಾಗಾಗಿ ಇದು ಬರೀ "ಮೈ ಸೊರಗುತ್ತೆ" ಅನ್ನೋ ಮಾತಲ್ಲ. ಮೇವಿನಲ್ಲಿ ಕೊರತೆ ಇದ್ದರೆ ಕರು ಜಗಳ ಆಡುತ್ತೆ, ಗೆಲ್ಲೋಕೆ ಆಗೋದಿಲ್ಲ.

ರಕ್ತ ಪರೀಕ್ಷೆ ಏನು ಹೇಳುತ್ತೆ?

ಟರ್ಕಿ, ಈಜಿಪ್ಟ್ ಮುಂತಾದ ದೇಶಗಳಲ್ಲಿ ಹುಳುಕಡ್ಡಿ ಬಂದ ಕರುಗಳ ರಕ್ತವನ್ನ ಆರೋಗ್ಯವಂತ ಕರುಗಳ ರಕ್ತದ ಜೊತೆ ಹೋಲಿಸಿ ನೋಡಿದ್ದಾರೆ. ಸಾಮಾನ್ಯವಾಗಿ ಕಂಡಿದ್ದು: ರೋಗ ಬಂದವುಗಳಲ್ಲಿ ಮ್ಯಾಲನ್‌ಡೈಆಲ್ಡಿಹೈಡ್ ಜಾಸ್ತಿ, ಸತು, ವಿಟಮಿನ್ ಎ, ಆಂಟಿಆಕ್ಸಿಡೆಂಟ್ ಕಿಣ್ವಗಳು ಕಮ್ಮಿ. ಎಲ್ಲ ಅಧ್ಯಯನಗಳಲ್ಲೂ ಎಲ್ಲ ಅಂಶಗಳೂ ಒಂದೇ ಥರ ಬಂದಿಲ್ಲ, ಆದರೆ ಒಟ್ಟಾರೆ ದಿಕ್ಕು ಇದು.

ಇಲ್ಲಿ ಒಂದು ನಿಮಿಷ ನಿಲ್ಲಿ. ಸತು ಕಮ್ಮಿ ಇದ್ದಿದ್ದಕ್ಕೆ ಹುಳುಕಡ್ಡಿ ಬಂತಾ, ಅಥವಾ ಹುಳುಕಡ್ಡಿ ಬಂದಿದ್ದಕ್ಕೆ ಸತು ಖರ್ಚಾಯ್ತಾ? ಇಂಥ ಹೋಲಿಕೆಯಿಂದ ಅದು ತಿಳಿಯೋದಿಲ್ಲ. ಸೋಂಕು ಇದ್ದಾಗ ಮೈ ತಾನಾಗೇ ರಕ್ತದಿಂದ ಸತುವನ್ನ ಲಿವರ್‌ಗೆ ಎಳೆದುಕೊಳ್ಳುತ್ತೆ, ಅದರಿಂದಲೂ ರಕ್ತದಲ್ಲಿ ಕಮ್ಮಿ ಕಾಣಬಹುದು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಕೊಟ್ಟಿಗೆಗಳಲ್ಲಿ ಎರಡೂ ಇದೆ. ಭತ್ತದ ಹುಲ್ಲಿನ ಮೇಲೆ ಬೆಳೆದ ಕರುವಿಗೆ ಕೊರತೆ ಮೊದಲೇ ಇರುತ್ತೆ, ರೋಗ ಬಂದು ಅದನ್ನ ಇನ್ನಷ್ಟು ಕೆಳಗೆ ತಳ್ಳುತ್ತೆ.

ಟಾನಿಕ್ ಮಾರೋರು ಈ ಎರಡನೇ ಪ್ಯಾರಾ ಓದೋದಿಲ್ಲ. "ಆಂಟಿಆಕ್ಸಿಡೆಂಟ್ ಕೊಟ್ರೆ ಹುಳುಕಡ್ಡಿ ಹೋಗುತ್ತೆ" ಅಂತ ಬಾಟಲಿ ಕೈಗಿಡ್ತಾರೆ. ಆಂಟಿಆಕ್ಸಿಡೆಂಟ್ ಶಿಲೀಂಧ್ರವನ್ನ ಕೊಲ್ಲೋದಿಲ್ಲ. ಕೊಲ್ಲೋದು ಕರುವಿನ ರಕ್ತಕಣ ಮತ್ತು ನೀವು ಹಚ್ಚೋ ಔಷಧ. ಆ ರಕ್ತಕಣಕ್ಕೆ ಬೇಕಾದ ಸಾಮಾನು ಮೇವಿನಿಂದ ಬರಬೇಕು, ಅಷ್ಟೇ. ಆ ಸಾಮಾನು ಬಹುಪಾಲು ನಿಮ್ಮ ಬದುವಿನಲ್ಲೇ ಬೆಳೆಯುತ್ತೆ.

ಕೊರತೆ ಶುರುವಾಗೋದು ಗಿಣ್ಣಿನಿಂದ

ಕರು ಹುಟ್ಟುವಾಗ ಅದರ ಲಿವರ್‌ನಲ್ಲಿ ವಿಟಮಿನ್ ಎ, ವಿಟಮಿನ್ ಇ ಬಹಳ ಕಮ್ಮಿ. ತಾಯಿಯ ಹೊಟ್ಟೆಯಲ್ಲಿ ಇರುವಾಗ ಇವು ಸರಿಯಾಗಿ ದಾಟಿಬರೋದಿಲ್ಲ. ತಾಯಿ ಅದನ್ನ ಕೂಡಿಟ್ಟು ಕೊಡೋದು ಗಿಣ್ಣು ಹಾಲಿನಲ್ಲಿ. ಗಿಣ್ಣಿನ ಹಳದಿ ಬಣ್ಣ ಇದೆಯಲ್ಲ, ಅದೇ ಕ್ಯಾರೋಟಿನ್.

ನಾವೇನು ಮಾಡ್ತೀವಿ? ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚ್ತೀವಿ. ನನಗೂ ಗಿಣ್ಣು ಇಷ್ಟವೇ, ಅದನ್ನ ಮುಚ್ಚಿಡೋದಿಲ್ಲ. ಮಾಡಿ, ತಿನ್ನಿ, ಆದರೆ ಕರುವಿನ ಪಾಲು ಮೊದಲು. 25 ಕೆ.ಜಿ. ತೂಕದ ಕರು ಅಂದರೆ ಮೊದಲ ದಿನ ಎರಡೂವರೆ ಲೀಟರ್ ಆದರೂ ಕುಡಿಯಬೇಕು, ಅದರಲ್ಲಿ ಹೆಚ್ಚುಪಾಲು ಮೊದಲ ಆರು ತಾಸಿನೊಳಗೆ. ಕಸ ಬಿದ್ದ ಮೇಲೆ ಹಾಲು ಕುಡಿಸೋಣ ಅಂತ ಕಾಯಬೇಡಿ. ಒಂದು ದಿನ ಕಳೆದರೆ ಗಿಣ್ಣಿನ ರೋಗನಿರೋಧಕ ಅಂಶಗಳನ್ನ ಕರುಳು ಒಳಗೆ ಬಿಟ್ಟುಕೊಳ್ಳೋದೇ ನಿಲ್ಲುತ್ತೆ. ಮಿಶ್ರತಳಿ ಹಸುಗಳಲ್ಲಿ ಮೊದಲ ದಿನವೇ ಕರುವಿಗೆ ಸಾಕಾಗಿ ಮಿಕ್ಕೋವಷ್ಟು ಗಿಣ್ಣು ಬರುತ್ತೆ, ಆ ಮಿಕ್ಕಿದ್ದು ಬೀದಿಗೆ.

ಗಿಣ್ಣು ಕುಡಿದ ಕರುವಿಗೆ ಹುಳುಕಡ್ಡಿ ಬರೋದೇ ಇಲ್ಲ ಅಂತ ಹೇಳ್ತಾ ಇಲ್ಲ. ಬಂದರೂ ಒಂದೆರಡು ಮಚ್ಚೆಯಲ್ಲಿ ನಿಲ್ಲೋದಕ್ಕೂ ಮುಖ ಕತ್ತು ಎಲ್ಲ ಹರಡಿ ತಿಂಗಳುಗಟ್ಟಲೆ ಬೆಳವಣಿಗೆ ಕುಂಟೋದಕ್ಕೂ ವ್ಯತ್ಯಾಸ ಇದೆ. ತಾಯಿಯ ಮೈಯಲ್ಲೇ ಇಲ್ಲದಿದ್ದರೆ ಗಿಣ್ಣಿಗೆ ಎಲ್ಲಿಂದ ಬರಬೇಕು, ಅದೂ ಇದೆ. ಹಾಲು ಬಿಡಿಸಿದ ಕೊನೆಯ ಎರಡು ತಿಂಗಳು ಗಬ್ಬದ ಹಸುವಿಗೆ ಬರೀ ಒಣಹುಲ್ಲು ಹಾಕೋದು ನಮ್ಮಲ್ಲಿ ವಾಡಿಕೆ, "ಹಾಲೇ ಇಲ್ವಲ್ಲ" ಅಂತ. ಮುಂದಿನ ಕರುವಿನ ಚರ್ಮದ ಗತಿ ತೀರ್ಮಾನ ಆಗೋದು ಆ ಎರಡು ತಿಂಗಳಲ್ಲೇ.

ಗೋದಲಿಗೆ ಏನು ಹಾಕಬೇಕು?

ಮೇವಿನಲ್ಲಿ ಕ್ಯಾರೋಟಿನ್ ಎಷ್ಟಿದೆ ಅಂತ ಲ್ಯಾಬಿಗೆ ಕಳಿಸಬೇಕಿಲ್ಲ, ಕಣ್ಣಲ್ಲಿ ನೋಡಿದರೆ ಸಾಕು. ಹಸಿರು ಬಣ್ಣ ಎಷ್ಟು ಉಳಿದಿದೆಯೋ ಕ್ಯಾರೋಟಿನ್ ಹೆಚ್ಚುಕಡಿಮೆ ಅಷ್ಟು ಉಳಿದಿದೆ. ಬಿಸಿಲಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗಿದ ಭತ್ತದ ಹುಲ್ಲಿನಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ವಿಟಮಿನ್ ಇ ಕೂಡ ಒಣಗಿಸಿದಾಗ ಬಹಳಷ್ಟು ಹೋಗುತ್ತೆ. ರಾಗಿ ಹುಲ್ಲು ಸುಣ್ಣದಂಶದಲ್ಲಿ ಭತ್ತದ ಹುಲ್ಲಿಗಿಂತ ಮೇಲು, ಆದರೆ ವಿಟಮಿನ್ ವಿಚಾರಕ್ಕೆ ಬಂದರೆ ಅದೂ ಒಣಹುಲ್ಲೇ.

ಕರುವಿಗೆ ರಾಶಿ ಮೇವು ಬೇಡ. ಹಸುವಿಗೆ ಕೊಯ್ದ ನೇಪಿಯರ್‌ನಲ್ಲಿ ಎಳೆಯ ತುದಿ ಭಾಗ, ಒಂದು ಹಿಡಿ ಅಲಸಂದೆ ಅಥವಾ ಕುದುರೆ ಮಸಾಲೆ, ಬೇಲಿಯ ಅಗಸೆ ಸೊಪ್ಪು, ನುಗ್ಗೆ ಸೊಪ್ಪು, ಇದರಲ್ಲಿ ಯಾವುದು ಸಿಗುತ್ತೋ ಅದನ್ನ ದಿನಾ ಕೊಡಿ. ವಾರಕ್ಕೊಂದು ದಿನ ಹೊರೆ ಹಾಕಿ ಉಳಿದ ದಿನ ಮರೆಯೋದಕ್ಕಿಂತ ದಿನಾ ಒಂದು ಕಟ್ಟು ಕೊಡೋದು ಮೇಲು. ಹಸಿ ಮೇವು ರೂಢಿ ಇಲ್ಲದ ಕರುವಿಗೆ ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಿ, ಇಲ್ಲಾಂದ್ರೆ ಭೇದಿ ಆಗುತ್ತೆ.

ಖನಿಜ ಮಿಶ್ರಣ ಬೇಕೇ ಬೇಕು, ಯಾಕಂದ್ರೆ ತಾಮ್ರ, ಸತು ನಮ್ಮ ಬಹಳಷ್ಟು ಒಣಮೇವುಗಳಲ್ಲಿ ಕೊರತೆ. ಕರುವಿಗೆ ದಿನಕ್ಕೆ 20ರಿಂದ 25 ಗ್ರಾಂ, ಕಡಸಿಗೆ 50 ಗ್ರಾಂ, ಬೂಸದಲ್ಲಿ ಬೆರೆಸಿ. ಪ್ಯಾಕೆಟ್ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ನೋಡಿ. ಕೊಳ್ಳುವಾಗ ಹಿಂದುಗಡೆ ತಾಮ್ರ, ಸತು ಎಷ್ಟಿದೆ ಅಂತ ಬರೆದಿದೆಯೇ ನೋಡಿ; ಬರೀ ಕ್ಯಾಲ್ಸಿಯಂ, ರಂಜಕ ಇರೋ ಪುಡಿಯಿಂದ ಈ ಕೆಲಸ ಆಗೋದಿಲ್ಲ. ಉಪ್ಪಿನ ಗಡ್ಡೆ ಕಟ್ಟಿದರೆ ಖನಿಜ ಮಿಶ್ರಣ ಕೊಟ್ಟ ಹಾಗೆ ಅಂತ ಕೆಲವರು ತಿಳಿದಿದ್ದಾರೆ, ಅದು ಉಪ್ಪು ಅಷ್ಟೇ. ಯಾವ ಪ್ರದೇಶದ ಮೇವು ಮಣ್ಣಿನಲ್ಲಿ ಯಾವ ಖನಿಜ ಕಮ್ಮಿ ಅಂತ ನೋಡಿ ಅದಕ್ಕೆ ತಕ್ಕ ಮಿಶ್ರಣ ಮಾಡೋ ಕೆಲಸವನ್ನ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಮಾಡಿದ್ದಾರೆ. ನಿಮ್ಮ ಪಶುವೈದ್ಯರನ್ನ ಕೇಳಿದರೆ ನಿಮ್ಮ ಕಡೆಗೆ ಹೊಂದೋದು ಯಾವುದು ಅಂತ ಹೇಳ್ತಾರೆ.

ಕುರಿ ಇರೋರಿಗೆ ಒಂದು ಎಚ್ಚರಿಕೆ. ದನದ ಖನಿಜ ಮಿಶ್ರಣವನ್ನ ಕುರಿಗೆ ಹಾಕಬೇಡಿ. ತಾಮ್ರ ತಡೆದುಕೊಳ್ಳೋ ಶಕ್ತಿ ಕುರಿಗೆ ಬಹಳ ಕಮ್ಮಿ. ತಿಂಗಳುಗಟ್ಟಲೆ ಲಿವರ್‌ನಲ್ಲಿ ಸೇರ್ತಾ ಹೋಗಿ ಒಂದು ದಿನ ಕಾಮಾಲೆಯಾಗಿ, ಕೆಂಪು ಮೂತ್ರ ಹೊಯ್ದು ಸಾಯುತ್ತವೆ. ಹಾಗೇ ವಿಟಮಿನ್ ಇ-ಸೆಲೆನಿಯಂ ಇಂಜೆಕ್ಷನ್, ವಿಟಮಿನ್ ಎ ಇಂಜೆಕ್ಷನ್ ಇವನ್ನ ಯೂಟ್ಯೂಬ್ ನೋಡಿ ನೀವೇ ಚುಚ್ಚಬೇಡಿ. ಸೆಲೆನಿಯಂ ಬೇಕಾದ ಪ್ರಮಾಣಕ್ಕೂ ವಿಷವಾಗೋ ಪ್ರಮಾಣಕ್ಕೂ ಅಂತರ ಚಿಕ್ಕದು. ತೂಕ ನೋಡಿ ಡಾಕ್ಟರೇ ಕೊಡಲಿ. ವಿಟಮಿನ್ ಸಿ ಅಂತ ನಿಂಬೆಹಣ್ಣು ತಿನ್ನಿಸೋರೂ ಇದ್ದಾರೆ, ಬೇಕಿಲ್ಲ. ದನ ಅದನ್ನ ತನ್ನ ಲಿವರ್‌ನಲ್ಲೇ ತಯಾರಿಸಿಕೊಳ್ಳುತ್ತೆ.

ಹೊಟ್ಟೆಯಲ್ಲಿ ಜಂತು ತುಂಬಿದ್ದರೆ ನೀವು ಹಾಕಿದ್ದೆಲ್ಲ ಅವಕ್ಕೇ ಹೋಗುತ್ತೆ. ಕರುವಿಗೆ ಜಂತಿನ ಔಷಧಿ ಯಾವಾಗ ಹಾಕಿದ್ರಿ ಅಂತ ನೆನಪು ಮಾಡಿಕೊಳ್ಳಿ.

ಈಗ ಮುಲಾಮಿನ ವಿಷಯ

ಹುಳುಕಡ್ಡಿ ಹೆಚ್ಚಿನ ಕರುಗಳಲ್ಲಿ ಎರಡರಿಂದ ನಾಲ್ಕು ತಿಂಗಳಲ್ಲಿ ತಾನಾಗೇ ವಾಸಿಯಾಗುತ್ತೆ. ಅದಕ್ಕೇ ಯಾರು ಏನು ಹಚ್ಚಿದರೂ "ನಂದೇ ಔಷಧಿಯಿಂದ ಹೋಯ್ತು" ಅಂತಾರೆ. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಬ್ಯಾಟರಿ ನೀರು ಎಲ್ಲಕ್ಕೂ ಹೀಗೇ ಹೆಸರು ಬಂದಿರೋದು. ಇವು ಚರ್ಮ ಸುಡುತ್ತವೆ, ನೆಕ್ಕಿದರೆ ವಿಷ. ಮೊದಲೇ ಬೆಂಕಿ ಬಿದ್ದಿರೋ ಚರ್ಮಕ್ಕೆ ಇನ್ನೊಂದು ಬೆಂಕಿ ಯಾಕೆ? ಬೇವಿನೆಣ್ಣೆ, ಹೊಂಗೆಎಣ್ಣೆ ಅಷ್ಟು ಕೆಟ್ಟದ್ದಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ತಾನಾಗೇ ಹೋಗೋದಾದ್ರೆ ಔಷಧಿ ಯಾಕೆ ಅಂದ್ರೆ, ಆ ನಾಲ್ಕು ತಿಂಗಳು ಕರು ಕೊಟ್ಟಿಗೆ ತುಂಬ ಸೋಂಕಿನ ಕಣ ಉದುರಿಸ್ತಾ ಇರುತ್ತೆ. ಮನೆ ಮಕ್ಕಳು ಆ ಕರುವಿನ ಕತ್ತು ತಬ್ಬಿಕೊಂಡು ಆಡ್ತಾ ಇರ್ತಾರೆ.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ನಾನು ಕೆಲಸ ಶುರುಮಾಡಿದ ಹೊಸದರಲ್ಲಿ ಬರಿಗೈಯಲ್ಲಿ ಹಕ್ಕಳೆ ಕೆರೆದು ಮುಂಗೈ ತುಂಬ ಹುಳುಕಡ್ಡಿ ಹತ್ತಿಸಿಕೊಂಡಿದ್ದೆ, ಹೋಗೋಕೆ ಎರಡು ತಿಂಗಳಾಯ್ತು. ಬೆಚ್ಚಗಿನ ಸೋಪಿನ ನೀರಿನಿಂದ ಹಕ್ಕಳೆಯನ್ನ ಚೆನ್ನಾಗಿ ನೆನೆಸಿ, ಮೆದುವಾದ ಮೇಲೆ ಹಳೆ ಟೂತ್‌ಬ್ರಷ್‌ನಿಂದ ಮೆಲ್ಲಗೆ ಬಿಡಿಸಿ. ರಕ್ತ ಬರೋ ಹಾಗೆ ಉಜ್ಜಬೇಡಿ. ಕೆಳಗೆ ಪೇಪರ್ ಹಾಸಿರಿ, ಬಿದ್ದಿದ್ದನ್ನೆಲ್ಲ ಸೇರಿಸಿ, ಬ್ರಷ್ ಸಮೇತ ಸುಟ್ಟುಹಾಕಿ. ಹಕ್ಕಳೆ ತೆಗೆಯದೆ ಮೇಲೆ ಹಚ್ಚಿದ ಔಷಧಿ ಒಳಗೆ ಇಳಿಯೋದಿಲ್ಲ, ಬಹಳ ಜನ ಸೋಲೋದು ಇಲ್ಲೇ. ಒಣಗಿದ ಮೇಲೆ ಪೊವಿಡೋನ್ ಅಯೋಡಿನ್ ಅಥವಾ ವಿಟ್‌ಫೀಲ್ಡ್ ಮುಲಾಮು ಹಚ್ಚಿ. ವಿಟ್‌ಫೀಲ್ಡ್ ಅಂದ್ರೆ ಬೆಂಜೊಯಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಸೇರಿದ್ದು, ಹಳೇ ಕಾಲದ್ದು, ಅಗ್ಗದ್ದು, ಕೆಲಸ ಮಾಡುತ್ತೆ. ಮಚ್ಚೆಯ ಅಂಚಿನಾಚೆ ಒಂದು ಬೆರಳಗಲ ಸೇರಿಸಿ ಹಚ್ಚಿ, ಯಾಕಂದ್ರೆ ಶಿಲೀಂಧ್ರ ಹೊರಗಡೆಗೆ ಹರಡ್ತಾ ಇರುತ್ತೆ. ಕಣ್ಣಿನ ಹತ್ತಿರ ವಿಟ್‌ಫೀಲ್ಡ್ ಬೇಡ, ಅಲ್ಲಿಗೆ ಡಾಕ್ಟರನ್ನ ಕೇಳಿ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಕ್ರೀಮ್ ತನ್ನಿ. ಎರಡು ವಾರವಾದರೂ ದಿನಾ ಹಚ್ಚಬೇಕು. ಬೋಳು ಜಾಗದಲ್ಲಿ ಹೊಸ ಕೂದಲು ಮೊಳೆತರೆ ಗೆದ್ದ ಹಾಗೆ.

ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ" ಅಂತ ಕೊಡೋ ಮಿಕ್ಸ್ ಕ್ರೀಮ್‌ಗಳಲ್ಲಿ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಅಂತ ಬರೆದಿದ್ದರೆ ಮುಟ್ಟಬೇಡಿ, ಕರುವಿಗೂ ಬೇಡ, ನಿಮಗೂ ಬೇಡ. ಅವು ಸ್ಟೀರಾಯ್ಡ್. ಕೆಂಪು, ತುರಿಕೆ ಎರಡೇ ದಿನಕ್ಕೆ ಕಮ್ಮಿಯಾಗುತ್ತೆ, ಆದರೆ ಕಾವಲಿನ ರಕ್ತಕಣಗಳನ್ನೇ ಮಲಗಿಸಿ ಶಿಲೀಂಧ್ರಕ್ಕೆ ದಾರಿ ಬಿಟ್ಟುಕೊಡುತ್ತವೆ. ಮನುಷ್ಯರಲ್ಲಿ ಔಷಧಿಗೆ ಬಗ್ಗದ ಹುಳುಕಡ್ಡಿ ನಮ್ಮ ದೇಶದಲ್ಲಿ ಇಷ್ಟು ಹಬ್ಬಿರೋದಕ್ಕೆ ಈ ಕ್ರೀಮ್‌ಗಳೂ ಒಂದು ಕಾರಣ ಅಂತ ಚರ್ಮರೋಗ ತಜ್ಞರು ಹೇಳ್ತಾ ಬಂದಿದ್ದಾರೆ. ಗ್ರಿಸಿಯೋಫಲ್ವಿನ್ ಮಾತ್ರೆಯನ್ನ ಗಬ್ಬದ ಹಸುವಿಗೆ ಕೊಡಲೇಬಾರದು, ಗರ್ಭದ ಕರುವಿಗೆ ಊನ ಆಗಬಹುದು. ಹಾಲು ಕೊಡೋ ಹಸುವಿಗೆ ಯಾವ ಒಳ ಔಷಧಿ ಕೊಟ್ಟರೂ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಕೇಳಿ ತಿಳಿದುಕೊಳ್ಳಿ.

ಕೊಟ್ಟಿಗೆಯಲ್ಲಿ ಉಳಿಯೋದು

ಉದುರಿದ ಕೂದಲು, ಹಕ್ಕಳೆಯಲ್ಲಿರೋ ಬೀಜಕಣಗಳು ಒಣಗಿದ ಜಾಗದಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಕರು ಮೈ ಉಜ್ಜೋ ಕಂಬ, ಗೋದಲಿಯ ಅಂಚು, ಕಣ್ಣಿ, ಮೈ ತಿಕ್ಕೋ ಬ್ರಷ್ ಇವೇ ಮುಖ್ಯ ಅಡಗುತಾಣ. ಹಗ್ಗ ಹಳೆಯದಾಗಿದ್ದರೆ ಸುಟ್ಟು ಹೊಸದು ತನ್ನಿ, ಅದಕ್ಕಿಂತ ಅಗ್ಗದ ಔಷಧಿ ಇಲ್ಲ. ದನಗಳನ್ನ ಹೊರಗೆ ಕಟ್ಟಿ, ಮೊದಲು ಸಗಣಿ ಕೊಳೆ ಪೂರ್ತಿ ತೊಳೆಯಿರಿ. ಸಗಣಿ ಇದ್ದರೆ ಬ್ಲೀಚಿಂಗ್ ಪೌಡರ್ ಸತ್ವ ಅಲ್ಲೇ ಮುಗಿದುಹೋಗುತ್ತೆ. ಆಮೇಲೆ ಲೀಟರ್ ನೀರಿಗೆ ಸುಮಾರು 30 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ ಕಂಬ, ಗೋದಲಿ, ನೆಲಕ್ಕೆ ಬಳಿದು ಅರ್ಧ ತಾಸು ಬಿಟ್ಟು ನೀರು ಹಾಕಿ. ಅದರ ಜೊತೆ ಫಿನಾಯಿಲ್ ಆಗಲಿ ಆ್ಯಸಿಡ್ ಆಗಲಿ ಬೆರೆಸಬೇಡಿ, ಆ್ಯಸಿಡ್ ಸೇರಿದರೆ ಉಸಿರುಗಟ್ಟಿಸೋ ಕ್ಲೋರಿನ್ ಗಾಳಿ ಏಳುತ್ತೆ. ಗೋಡೆಗೆ ಸುಣ್ಣ ಬಳಿಯಿರಿ. ಛಾವಣಿಯಲ್ಲಿ ಎರಡು ಪಾರದರ್ಶಕ ಶೀಟು ಹಾಕಿಸಿದರೆ ಬಿಸಿಲು ಒಳಗೆ ಬರುತ್ತೆ, ಮಲೆನಾಡಿನ ಕತ್ತಲೆ ಕೊಟ್ಟಿಗೆಗಳಿಗೆ ಇದು ಬಹಳ ಒಳ್ಳೆಯದು. ರೋಗದ ಕರುವನ್ನ ದಿನಾ ಬೆಳಗ್ಗೆ ಎಳೆಬಿಸಿಲಲ್ಲಿ ಬೇರೆಯಾಗಿ ಕಟ್ಟಿ. ವಾಸಿಯಾಗೋವರೆಗೂ ಸಂತೆಗೆ ಹೊಡೆಯಬೇಡಿ, ಸಂತೆಯಿಂದ ತಂದ ಕರುವನ್ನೂ ಮೂರ್ನಾಲ್ಕು ವಾರ ದೂರ ಕಟ್ಟಿ ನೋಡಿ. ನಾರ್ವೆಯವರು ಲಸಿಕೆ ಹಾಕಿ ಈ ರೋಗವನ್ನ ಹೆಚ್ಚುಕಡಿಮೆ ಹತೋಟಿಗೆ ತಂದಿದ್ದಾರೆ. ನಮ್ಮ ಪಶು ಆಸ್ಪತ್ರೆಗಳ ವಾಡಿಕೆಯ ಲಸಿಕೆಗಳಲ್ಲಿ ಅದಿಲ್ಲ, ಹಾಗಾಗಿ ನಮಗೆ ಸದ್ಯ ಪೊರಕೆ, ಸುಣ್ಣ, ಬಿಸಿಲೇ ಲಸಿಕೆ.

ಹುಳುಕಡ್ಡಿ ಅಲ್ಲದೇ ಇರಬಹುದು

ಫೋಟೋ ನೋಡಿ ನಾನು ಹೇಳೋದೂ ಒಂದು ಅಂದಾಜೇ. ಕರು ಬಿಡದೆ ತುರಿಸಿಕೊಳ್ತಾ, ಚರ್ಮ ಮಡಿಕೆ ಮಡಿಕೆಯಾಗಿ ದಪ್ಪಗಾಗಿದ್ದರೆ ಕಜ್ಜಿ ಇರಬಹುದು. ಹುಳುಕಡ್ಡಿಯಲ್ಲಿ ಸಾಮಾನ್ಯವಾಗಿ ಅಷ್ಟು ತುರಿಕೆ ಇರೋದಿಲ್ಲ. ಜ್ವರದ ಜೊತೆ ಮೈ ತುಂಬ ಗಟ್ಟಿ ಗಂಟುಗಳೆದ್ದರೆ ಚರ್ಮಗಂಟು ರೋಗ, 2022ರಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟು ದನ ಕಳೆದುಕೊಂಡೆವು ಅಂತ ಮರೆತಿರಲಾರಿರಿ, ಕೂಡಲೇ ತಿಳಿಸಿ. ಮಳೆಯಲ್ಲಿ ನೆನೆದ ದನದ ಬೆನ್ನ ಮೇಲೆ ಕೂದಲು ಬಣ್ಣದ ಬ್ರಷ್‌ನಂತೆ ಅಂಟಿಕೊಂಡು ಎದ್ದುಬಂದರೆ ಅದು ಬ್ಯಾಕ್ಟೀರಿಯಾದ್ದು, ಅದಕ್ಕೆ ಬೇರೆ ಔಷಧಿ. ಲಂಟಾನ ತಿಂದ ದನದಲ್ಲಿ ಬಿಳಿ ಚರ್ಮವಿರೋ ಜಾಗ ಮಾತ್ರ ಬಿಸಿಲಿಗೆ ಸುಟ್ಟು ಸುಲಿಯುತ್ತೆ. ಅನುಮಾನ ಇದ್ದರೆ ಮಚ್ಚೆಯ ಅಂಚಿನ ಕೂದಲು, ಹಕ್ಕಳೆಯನ್ನ ಒಣ ಕಾಗದದ ಲಕೋಟೆಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಕೊಡಿ, ಪ್ಲಾಸ್ಟಿಕ್ ಕವರ್ ಬೇಡ, ಬೆವರುತ್ತೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳ್ತಾರೆ. ಮುಲಾಮು ಹಚ್ಚೋಕೆ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ಎರಡು ವಾರ ಸರಿಯಾಗಿ ಹಚ್ಚಿದರೂ ಹೊಸ ಮಚ್ಚೆ ಏಳ್ತಾ ಇದ್ದರೆ, ಕಣ್ಣಿನ ರೆಪ್ಪೆಗೆ ಹಬ್ಬಿದ್ದರೆ, ಮಚ್ಚೆಯಲ್ಲಿ ಕೀವಾಗಿದ್ದರೆ, ಕರು ಮೇವು ಬಿಟ್ಟಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಆಂಬ್ಯುಲೆನ್ಸ್‌ನ ಸಹಾಯವಾಣಿ ಅದು. ಮನೆಯಲ್ಲಿ ಯಾರಿಗಾದರೂ ಕೈ, ಕತ್ತು, ಗಡ್ಡದ ಜಾಗದಲ್ಲಿ ದುಂಡಗಿನ ತುರಿಕೆಯ ಮಚ್ಚೆ ಎದ್ದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಮನೆಯಲ್ಲಿ ಹುಳುಕಡ್ಡಿಯ ಕರು ಇದೆ ಅಂತ ಬಾಯಿಬಿಟ್ಟು ಹೇಳಿ, ಅದರಿಂದ ಔಷಧಿಯ ಆಯ್ಕೆ ಬದಲಾಗಬಹುದು. ಇನ್ನು ನನಗೆ ಫೋಟೋ ಕಳಿಸೋದಾದ್ರೆ ಮೂರು ಕಳಿಸಿ: ಮಚ್ಚೆಯದ್ದು ಹತ್ತಿರದಿಂದ, ಇಡೀ ಕರುವಿನದ್ದು ಪಕ್ಕದಿಂದ, ಗೋದಲಿಯದ್ದು ಬೆಳಗಿನ ಮೇವು ಹಾಕಿದ ತಕ್ಷಣ.